ಉಜ್ಜಕ್ಕ ಅಳಿಸಿದ ಹೆಸರು

ಅವಳಿಗೆ ಉಜ್ಜಕ್ಕ ಎಂಬ ಹೆಸರು ಬಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಅಂಗಡಿಯ ಹಿಂಬದಿಯ ಪುಟ್ಟ ಕೋಣೆಯಲ್ಲಿ, ಗರಗರ ತಿರುಗುವ ಚಕ್ರದ ಮುಂದೆ ಕೂತು, ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಮದುವೆಗೆ ಮುಂಚೆ ಆ ಸ್ಟೂಲಿನ ಮೇಲೆ ಕೂತವಳು ಮಗಳ ಮದುವೆ ಮುಗಿದ ಮೇಲೂ ಅಲ್ಲೇ ಕೂತಿದ್ದಳು. ಮುಂದಿನ ಕೌಂಟರಿಗೆ ಎಷ್ಟೋ ಹುಡುಗಿಯರು ಬಂದರು, ಹೋದರು. ಹಳೆಯ ಮಾಲೀಕ ತೀರಿಕೊಂಡು ಅವನ ತಮ್ಮ ಆ ಕುರ್ಚಿಗೆ ಬಂದ. ಉಜ್ಜಕ್ಕ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಗೀರು ಬಿದ್ದ ಗಾಜನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, "ಇದು ಹೋಗುತ್ತೆ" ಅಥವಾ "ಇದು ಹೋಗಲ್ಲ" ಅಂದರೆ ಆಯಿತು. ಅದರ ಮೇಲೆ ಮಾತಿಲ್ಲ.

ಗಂಡ ಲಿಫ್ಟ್ ರಿಪೇರಿ ಮಾಡುವವನು, ಮಾತಿನ ಮಲ್ಲ. "ಊರವರನ್ನೆಲ್ಲ ಮೇಲಕ್ಕೆ ಹತ್ತಿಸ್ತೀನಿ. ಮನೇಲಿ ಮಾತ್ರ ನನ್ನ ಮಾತು ನೆಲ ಬಿಟ್ಟು ಮೇಲೇಳಲ್ಲ" ಎಂದು ನೆಂಟರ ಮುಂದೆ ಹೇಳಿ ನಗಿಸುತ್ತಿದ್ದ. ಉಜ್ಜಕ್ಕ ನಗುತ್ತಿರಲಿಲ್ಲ, ಆದರೆ ಅವನಿಗೆ ಚಹಾ ಮಾತ್ರ ಇನ್ನೊಂದು ಲೋಟ ಬರುತ್ತಿತ್ತು.

ಅವಳನ್ನು ಗುಹೆಗೆ ಕರೆದುಕೊಂಡು ಹೋದವರು ಮೇಷ್ಟ್ರು. ಭೂಗೋಳ ಪಾಠ ಮಾಡಿ ನಿವೃತ್ತರಾದ ಅವರು ಅಂಗಡಿಯ ಹಳೇ ಗಿರಾಕಿ, ಸೀಸೆಯ ತಳದಷ್ಟು ದಪ್ಪನೆಯ ಕನ್ನಡಕದವರು. ಊರಾಚೆಯ ಗುಡ್ಡದ ಹೊಟ್ಟೆಯಲ್ಲಿದ್ದ ಸುಣ್ಣಕಲ್ಲಿನ ಗುಹೆಯನ್ನು ಪ್ರವಾಸಿಗರಿಂದ ಉಳಿಸಿಕೊಳ್ಳಲು ಭಾನುವಾರದ ಒಂದು ಗುಂಪು ಕಟ್ಟಿದ್ದರು. ಒಂದು ದಿನ ತಮ್ಮ ಗಾಜಿಗಾಗಿ ಕಾಯುತ್ತ, ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಅವಳ ಕೈಯನ್ನೇ ನೋಡಿದರು.

"ನಿಮಗೆ ಕತ್ತಲೆ ಅಂದ್ರೆ ಭಯಾನಾ ಅಮ್ಮ?"

"ಕತ್ತಲೇಲಿ ನೋಡೋಕೇನಿದೆ, ಹೆದರೋಕೆ?" ಅಂದಳು ಉಜ್ಜಕ್ಕ.

ಮುಂದಿನ ಭಾನುವಾರ ಅವಳ ತಲೆಗೆ ದೀಪ ಕಟ್ಟಿದ ಹೆಲ್ಮೆಟ್ ಏರಿತು.

ಒಳಗೆ ಕಾಲಿಟ್ಟಾಗ ಅವಳು ಮೊದಲು ನೋಡಿದ್ದು ಕಲ್ಲನ್ನಲ್ಲ, ಹೆಸರುಗಳನ್ನು. ಹನಿ ಹನಿ ತೊಟ್ಟಿಕ್ಕಿ ಪರದೆಯಂತೆ, ಜಡೆಯಂತೆ ಇಳಿದಿದ್ದ ಬಿಳಿಗಲ್ಲಿನ ಮೇಲೆಲ್ಲ ಇದ್ದಿಲಲ್ಲಿ, ಸ್ಪ್ರೇ ಬಣ್ಣದಲ್ಲಿ, ಮೊಳೆಯ ಮೊನೆಯಲ್ಲಿ ಹೆಸರುಗಳು. ಬಾಣ ಚುಚ್ಚಿದ ಹೃದಯಗಳು, ಯಾರೋ ಯಾರಿಗೋ ಬೈದ ಬೈಗುಳ, ಒಂದೆಡೆ ಯಾರದೋ ಫೋನ್ ನಂಬರು. ಕೈಗೆಟುಕುವ ಎತ್ತರದ ಕಲ್ಲಿನ ಜಡೆಗಳ ತುದಿಯನ್ನೆಲ್ಲ ನೆನಪಿಗೆಂದು ಮುರಿದುಕೊಂಡು ಹೋಗಿದ್ದರು. ಮುಟ್ಟಿ ಮುಟ್ಟಿ ಗೋಡೆ ಸೊಂಟದ ಮಟ್ಟಕ್ಕೆ ಕಪ್ಪಗಾಗಿತ್ತು. ಯಾರ ಮನೆಗೋ ಕಳ್ಳರು ನುಗ್ಗಿಹೋದ ಮೇಲೆ ಕಾಲಿಟ್ಟ ಹಾಗೆ ಅವಳಿಗೆ ಅನ್ನಿಸಿತು.

ಕೆಲಸ ಕಲಿಯಲು ಅವಳಿಗೆ ಹೊತ್ತು ಹಿಡಿಯಲಿಲ್ಲ. ಬರಿಗೈ ತಾಗಿಸಬಾರದು, ತಂತಿಯ ಬ್ರಷ್ ಕೂಡದು, ಬಕೆಟ್ ನೀರು ಸುರಿಯಬಾರದು. ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ, ಮೆತ್ತನೆಯ ಬ್ರಷ್ಷಿನಲ್ಲಿ ಸುತ್ತ ಸುತ್ತ ಉಜ್ಜಿ, ಬಿಟ್ಟ ಬಣ್ಣವನ್ನು ಸ್ಪಂಜಿನಲ್ಲಿ ಹೀರಬೇಕು. ಹೆಚ್ಚು ಉಜ್ಜಿದರೆ ಹೆಸರಿನ ಜೊತೆ ಕಲ್ಲೂ ಹೋಗುತ್ತದೆ, ಕಡಿಮೆ ಉಜ್ಜಿದರೆ ಹೆಸರು ನಿಲ್ಲುತ್ತದೆ. ಎಲ್ಲಿ ನಿಲ್ಲಿಸಬೇಕು ಎನ್ನುವುದು ಅವಳ ಬೆರಳಿಗೆ ಮೊದಲೇ ಗೊತ್ತಿತ್ತು. ಬುತ್ತಿ ಬಿಚ್ಚುವ ಹೊತ್ತಿಗೆ ಉಳಿದವರು ಒಂದು ಅಕ್ಷರದಲ್ಲಿ ಹೆಣಗುತ್ತಿದ್ದರೆ ಅವಳು ಒಂದು ಸಾಲನ್ನೇ ಮುಗಿಸಿ ಕೂತಿರುತ್ತಿದ್ದಳು. ಯಾರ ಹೆಸರು ಏನೆಂದು ಓದುತ್ತಿರಲಿಲ್ಲ. ಕೊಳೆಗೆ ಹೆಸರೇನು!

ಆ ಗುಹೆಯಲ್ಲಿ ಒಂದು ತಿರುವಿದೆ. ಚಾವಣಿ ತಗ್ಗಿ, ಎಂಥವರೂ ಬಗ್ಗಿ ದಾಟಬೇಕಾದ ಜಾಗ. ಅಲ್ಲಿ ಮೊಣಕಾಲೆತ್ತರದಲ್ಲಿ, ಯಾರೋ ಕುಕ್ಕರಗಾಲಲ್ಲಿ ಕೂತು ಬರೆದ ಹಾಗೆ, ಕೆಂಪು ಉಗುರಬಣ್ಣದಲ್ಲಿ ಒಂದು ಸಾಲಿತ್ತು: ಗುಬ್ಬಿ ಬಂದಿದ್ದಾಳೆ.

ಉಗುರಬಣ್ಣ ನೀರಿಗೆ ಬಗ್ಗುವುದಲ್ಲ. ಮೇಷ್ಟ್ರು ಸಣ್ಣ ಸೀಸೆಯಲ್ಲಿ ಬಣ್ಣ ಕರಗಿಸುವ ದ್ರಾವಣ ತಂದುಕೊಟ್ಟರು. ಉಜ್ಜಕ್ಕ ಚಾಪೆ ಹಾಸಿ, ಮಗ್ಗುಲಾಗಿ ಮಲಗಿ, ಕಡ್ಡಿಗೆ ಸುತ್ತಿದ ಹತ್ತಿಯನ್ನು ಅದ್ದಿ ಅದ್ದಿ, ಅಕ್ಷರದ ಅಂಚಿನಿಂದ ಒಳಕ್ಕೆ ಬಿಡಿಸುತ್ತ ಬಂದಳು. ಅವಳ ಉಸಿರು ಕಲ್ಲಿಗೆ ಬಡಿದು ಮುಖಕ್ಕೇ ವಾಪಸು ಬರುತ್ತಿತ್ತು. ಆ ಭಾನುವಾರಕ್ಕೆ ಮುಗಿಯಲಿಲ್ಲ. ಮುಂದಿನ ಭಾನುವಾರ ಕೊನೆಯ ಅಕ್ಷರವೂ ಹೋಯಿತು. ಮೇಷ್ಟ್ರು ದೀಪ ಹಿಡಿದು, ದಪ್ಪ ಕನ್ನಡಕವನ್ನು ಗೋಡೆಗೆ ತಾಗುವಷ್ಟು ಹತ್ತಿರ ತಂದು ನೋಡಿ, "ಇಲ್ಲೇನೋ ಇತ್ತು ಅಂದ್ರೆ ಯಾರಮ್ಮ ನಂಬ್ತಾರೆ?" ಅಂದರು. ಉಜ್ಜಕ್ಕನಿಗೆ ಕೋಡು ಮೂಡಿದಂತಾಯಿತು.

ಕೆಲವು ವಾರ ಕಳೆದಿರಬೇಕು. ಅವಳು ತಿರುವಿನ ಪಕ್ಕದ ಗೋಡೆಯಲ್ಲಿ ಕೆಲಸ ಮಾಡುತ್ತಿದ್ದಾಗ, ಪ್ರವಾಸಿಗರ ಗುಂಪಿನಿಂದ ಹಿಂದುಳಿದ ಒಬ್ಬ ಹೆಂಗಸು ಬಂದು ಅದೇ ಜಾಗದಲ್ಲಿ ಮಂಡಿಯೂರಿ ಕೂತಳು. ಕೈಯಲ್ಲಿ ಸಣ್ಣ ಟಾರ್ಚು. ಗೋಡೆಯ ಮೇಲೆ ಬೆಳಕನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಆಡಿಸಿದಳು. ಏನೋ ಬಿದ್ದುಹೋಗಿದೆ ಎಂಬಂತೆ ನೆಲವನ್ನೂ ನೋಡಿದಳು.

"ಏನು ಹುಡುಕ್ತಿದೀರಿ?" ಉಜ್ಜಕ್ಕ ಕೇಳಿದಳು.

"ಇಲ್ಲಿ ಒಂದು ಬರಹ ಇತ್ತಲ್ಲ, ಕೆಂಪಗೆ..."

"ಇತ್ತಮ್ಮ, ಇತ್ತು! ನಾನೇ ತೆಗೆದೆ. ನೋಡಿ, ಒಂದು ಚೂರು ಗುರುತೂ ಇಲ್ಲ" ಎಂದು ಉಜ್ಜಕ್ಕ ತನ್ನ ತಲೆದೀಪವನ್ನೂ ಅತ್ತ ತಿರುಗಿಸಿದಳು.

ಹೆಂಗಸು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ, ಅಂಗಡಿಯಲ್ಲಿ ಸಾಮಾನು ಮುಗಿದಿದೆ ಅಂದಾಗ ಗಿರಾಕಿ ಹೇಳುವಂತೆ, "ಓ, ಹೌದಾ" ಅಂದಳು.

"ಯಾಕಮ್ಮ?"

"ಅದು ನನ್ನ ಮಗಳು ಬರೆದಿದ್ದು. ಶಾಲೆಯಿಂದ ಕರ್ಕೊಂಡು ಬಂದಿದ್ರು. ಅದಾದ ಮೇಲೆ ಜ್ವರ ಬಂತು, ಉಳೀಲಿಲ್ಲ." ಟಾರ್ಚನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. "ಅವಳ ಪುಸ್ತಕ, ಬಟ್ಟೆ ಎಲ್ಲಾನೂ ಅವರಪ್ಪ ಸುಟ್ಟುಬಿಟ್ರು, ಕಣ್ಣೆದುರು ಇದ್ರೆ ನಾನು ಬದುಕಲ್ಲ ಅಂತ. ಇದೊಂದಿತ್ತು."

ಬೈದಿದ್ದರೆ ಉಜ್ಜಕ್ಕ ತಿರುಗಿ ಏನಾದರೂ ಹೇಳಬಹುದಿತ್ತು. ಗುಹೆಯಲ್ಲಿ ಬರೆಯಬಾರದು ಅನ್ನಬಹುದಿತ್ತು. ಹೆಂಗಸು ಬೈಯಲಿಲ್ಲ. ಎದ್ದು, ಸೀರೆಯ ಮಣ್ಣು ಕೊಡವಿಕೊಂಡು, "ಚೆನ್ನಾಗಿ ಕ್ಲೀನ್ ಮಾಡಿದೀರಿ" ಎಂದು ಹೇಳಿ, ಬಗ್ಗಿ ತಿರುವು ದಾಟಿ ಹೋದಳು. ಅವಳ ಟಾರ್ಚಿನ ಬೆಳಕು ಗೋಡೆಯ ಮೇಲೆ ಸ್ವಲ್ಪ ದೂರ ಕಂಡು ಆರಿತು.

ಅಂದಿನಿಂದ ಉಜ್ಜಕ್ಕನಿಗೆ ನೆಮ್ಮದಿ ಎಂಬುದು ಇಲ್ಲವಾಯಿತು. ಅಂಗಡಿಯಲ್ಲಿ ಗಾಜು ಒರೆಸಲು ಉಸಿರು ಊದಿದರೆ, ಮಂಜುಗಟ್ಟಿದ ಆ ಚಣದಲ್ಲಿ ಅದರ ಮೇಲೆ ಆ ಸಾಲು ಇದ್ದಂತೆ ಕಾಣುತ್ತಿತ್ತು. ಒರೆಸಿದರೆ ಬರೀ ಗಾಜು. ಅಳಿಸುವಾಗ ಓದದೇ ಬಿಟ್ಟಿದ್ದನ್ನು ಈಗ ಓದಲು ಮತ್ತೆ ಊದುತ್ತಿದ್ದಳು. ಗಿರಾಕಿಯೊಬ್ಬಳು ಜೊತೆಗೆ ಬಂದಿದ್ದ ಹುಡುಗಿಯನ್ನು "ಗುಬ್ಬೀ" ಎಂದು ಕೂಗಿದ್ದಕ್ಕೆ ತಿರುಗಿ ನೋಡಿ ಚಕ್ರಕ್ಕೆ ಬೆರಳು ಕೊಟ್ಟಳು. ಅಷ್ಟು ವರ್ಷಗಳಲ್ಲಿ ಅವಳ ಕೈಗೆ ಗಾಯವಾದದ್ದು ಅದೇ ಮೊದಲು.

ಅವಳನ್ನು ಕಾಡಿದ್ದು ಗುಬ್ಬಿ ಎಂಬ ಹೆಸರಿಗಿಂತ ಮುಂದಿನ ಮಾತು. ಬಂದಿದ್ದಳು ಎಂದು ಬರೆದಿರಲಿಲ್ಲ ಆ ಹುಡುಗಿ. ಬಂದಿದ್ದಾಳೆ. ಬಂದವಳು ಇನ್ನೂ ಹೋಗಿಲ್ಲ. ಅಲ್ಲೇ ಎಲ್ಲೋ ಕೂತಿದ್ದಾಳೆ.

ಒಂದು ಸಂಜೆ ಗಂಡ ಕೆಲಸದಿಂದ ಬಂದಾಗ ಅವಳು ಬಟ್ಟೆಯ ಬೀರುವಿನ ಬಾಗಿಲು ತೆರೆದು ಅದರ ಮುಂದೆ ನೆಲದ ಮೇಲೆ ಕೂತಿದ್ದಳು. ಬಾಗಿಲ ಒಳಬದಿಯಲ್ಲಿ ಅವರ ಮಗಳು ಚಿಕ್ಕವಳಿದ್ದಾಗ ಗೀಚಿದ್ದ ಬಣ್ಣದ ಕಡ್ಡಿಯ ಅಕ್ಷರಗಳಿದ್ದವು.

"ಅದನ್ನೂ ಉಜ್ಜೋಕೆ ಹೊರಟೆಯೇನೇ?" ಅಂದ ಗಂಡ.

"ಇದು ನಮ್ಮವಳದ್ದೋ, ಅವಳ ಗೆಳತೀದೋ ಹೇಳಿ ನೋಡೋಣ."

ಅವನು ಬಗ್ಗಿ ನೋಡಿದ. "ನಮ್ಮವಳದ್ದೇ. ಅಲ್ವಾ? ಇಬ್ಬರೂ ಸೇರಿ ಗೀಚಿದ್ರು. ಯಾಕೆ?"

"ನನಗೆ ಗೊತ್ತಾಗ್ತಿಲ್ಲ ರೀ. ಹೆತ್ತ ಮಗಳ ಕೈಬರಹ ನನಗೆ ಗೊತ್ತಾಗ್ತಿಲ್ಲ."

ಮಾತಿನ ಮಲ್ಲ ಬೀರುವಿನ ಬಾಗಿಲನ್ನು ಮೆಲ್ಲಗೆ ಮುಚ್ಚಿ ಅವಳ ಪಕ್ಕದಲ್ಲೇ ಕೂತ.

ಗುಹೆಗೆ ಹೋಗುವುದನ್ನು ಅವಳು ಬಿಡಲಿಲ್ಲ. ಬಿಡಲು ಆಗಲಿಲ್ಲ ಅನ್ನುವುದು ಸರಿ. ಮಳೆಗಾಲ ಬಂತು. ಗುಡ್ಡದ ಮೇಲಿನ ನೀರು ಬಿರುಕುಗಳಲ್ಲಿ ಇಳಿದು ಗೋಡೆಗಳೆಲ್ಲ ಒದ್ದೆಯಾದವು. ಆ ಹೊತ್ತಿನಲ್ಲಿ ಪ್ರವಾಸಿಗರೂ ಕಡಿಮೆ. ತಿರುವು ದಾಟುವಾಗ ತಡೆದುಕೊಳ್ಳಲಾರದೆ ಅವಳು ಆ ಜಾಗಕ್ಕೆ ಬೆಳಕು ಬಿಟ್ಟಳು. ಒದ್ದೆಗಲ್ಲಿನ ಒಳಗಿನಿಂದ, ಚರ್ಮದಡಿಯ ರಕ್ತದಂತೆ, ನಸುಗೆಂಪಿನ ನೆರಳು ಮೇಲೆ ಬಂದಿತ್ತು. ಗು. ಪಕ್ಕದಲ್ಲಿ ಬ್ಬಿ. ಮುಂದಿನದು ಕಲಸಿಹೋಗಿತ್ತು.

ಅವಳ ಕೂಗಿಗೆ ಮೇಷ್ಟ್ರು ಓಡಿಬಂದರು. ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಎಲ್ಲಮ್ಮ?"

"ಇಲ್ಲೇ ಸಾರ್! ಕಾಣಲ್ವಾ?"

"ಬಣ್ಣ ಕಲ್ಲಿನ ಸೂಕ್ಷ್ಮ ರಂಧ್ರಕ್ಕೆ ಇಳಿದಿದ್ರೆ ಒದ್ದೆ ಆದಾಗ ಮೇಲೆ ಬರೋದುಂಟು. ಅದು ಸುಳ್ಳಲ್ಲ." ಅವರು ಮೆಲ್ಲಗೆ ಅವಳ ಮುಖ ನೋಡಿದರು. "ಆದ್ರೆ ನನ್ನ ಕಣ್ಣಿಗೆ ಏನೂ ಕಾಣ್ತಿಲ್ಲ. ನನ್ನ ಕಣ್ಣಿನ ಕತೆ ನಿಮಗೇ ಗೊತ್ತಲ್ಲ."

ಇನ್ನು ಸುಮ್ಮನಿರುವುದು ಅವಳಿಂದ ಆಗಲಿಲ್ಲ. ಗುಹೆಯ ಬಾಗಿಲಲ್ಲಿ ಟಿಕೆಟ್ ಕೊಡುವ ಕಾವಲುಗಾರನನ್ನು ಆ ಹೆಂಗಸಿನ ಬಗ್ಗೆ ಕೇಳಿದಳು. "ಆ ಲಾಂಡ್ರಿಯಮ್ಮನಾ?" ಅಂದ ಅವನು. "ಆಗಾಗ ಒಬ್ಬರೇ ಬರ್ತಿದ್ರು. ಈಗ ಬರೋದು ಬಿಟ್ಟಿದಾರೆ. ದೊಡ್ಡಾಸ್ಪತ್ರೆ ಹಿಂದಿನ ಲಾಂಡ್ರೀಲಿ ಇದಾರೆ."

ಲಾಂಡ್ರಿಯಲ್ಲಿ ಹಬೆ ಕವಿದಿತ್ತು. ಆಳೆತ್ತರದ ಯಂತ್ರಗಳಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆಗಳು ಉರುಳುತ್ತಿದ್ದವು. ಇಬ್ಬಿಬ್ಬರು ಹೆಂಗಸರು ಎದುರು ಬದುರು ನಿಂತು, ಒಂದೊಂದು ತುದಿ ಹಿಡಿದು, ಹತ್ತಿರ ಬಂದು, ದೂರ ಸರಿದು, ದೊಡ್ಡ ಬಿಳಿ ಬಟ್ಟೆಗಳನ್ನು ಮಡಚುತ್ತಿದ್ದರು. ಲಾಂಡ್ರಿಯಮ್ಮನ ಜೋಡಿ ಎಲ್ಲೋ ಹೋಗಿದ್ದಳು. ಇವಳು ಒಂಟಿಯಾಗಿ ಒಂದು ಬಟ್ಟೆಯೊಂದಿಗೆ ಹೆಣಗುತ್ತಿದ್ದಳು. ಉಜ್ಜಕ್ಕ ಏನೂ ಹೇಳದೆ ಹೋಗಿ ಇನ್ನೊಂದು ತುದಿ ಹಿಡಿದಳು.

"ನೀವು... ಆ ಗುಹೆಯವರಲ್ವಾ?"

"ಹೌದು. ಗೋಡೆ ಒದ್ದೆ ಆಗಿದೆಯಮ್ಮ. ಅದು ಕಾಣ್ತಿದೆ."

"ಏನು ಕಾಣ್ತಿದೆ?"

"ಗುಬ್ಬಿ."

ಬಟ್ಟೆ ಇಬ್ಬರ ನಡುವೆ ಬಿಗಿಯಾಯಿತು. ಲಾಂಡ್ರಿಯಮ್ಮ ತನ್ನ ತುದಿಯನ್ನು ಬಿಡಲಿಲ್ಲ. ನಿಧಾನವಾಗಿ ಮಡಚುತ್ತ ಹತ್ತಿರ ಬಂದು, ಉಜ್ಜಕ್ಕನ ಕೈಯಿಂದ ಅವಳ ತುದಿಯನ್ನೂ ತೆಗೆದುಕೊಂಡು, "ಒಂದ್ಸಲ ಹೋದದ್ದು ಹೋಯ್ತು ಅಂತ ಈಗಷ್ಟೇ ನಿದ್ದೆ ಹತ್ತೋಕೆ ಶುರುವಾಗಿತ್ತಕ್ಕ. ಯಾಕೆ ಬಂದ್ರಿ?" ಅಂದಳು.

ಆದರೂ ಭಾನುವಾರ ಲಾಂಡ್ರಿಯಮ್ಮ ಗುಹೆಯ ಬಾಗಿಲಲ್ಲಿ ಛತ್ರಿ ಹಿಡಿದು ನಿಂತಿದ್ದಳು.

ಇಬ್ಬರೂ ತಿರುವಿನಲ್ಲಿ ಕೂತರು. ಉಜ್ಜಕ್ಕ ಬೆಳಕು ಬಿಟ್ಟಳು. ಕಲ್ಲು ಒದ್ದೆಯಾಗಿಯೇ ಇತ್ತು. ಬಿಳಿಯಾಗಿತ್ತು. ಅಲ್ಲಿ ಏನೂ ಇರಲಿಲ್ಲ. ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿದಳು. ಬೆಳಕನ್ನು ಓರೆಯಾಗಿ ಹಿಡಿದಳು, ಕೆಳಗಿಟ್ಟಳು, ಆರಿಸಿ ಹೊತ್ತಿಸಿದಳು. "ಇಲ್ಲೇ ಇತ್ತು, ನನ್ನಾಣೆ ಇಲ್ಲೇ ಇತ್ತು" ಎಂದು ಮತ್ತೆ ಮತ್ತೆ ಚಿಮುಕಿಸಿದಳು. ನೀರು ಇಳಿದು ಇಬ್ಬರ ಸೀರೆಯೂ ನೆನೆಯಿತು.

"ಬಿಡಿ ಅಕ್ಕ, ಸಾಕು." ಲಾಂಡ್ರಿಯಮ್ಮ ಅವಳ ಕೈ ಹಿಡಿದಳು. ಎದ್ದು ಹೋಗುತ್ತಾಳೆ ಎಂದುಕೊಂಡಳು ಉಜ್ಜಕ್ಕ. ಆದರೆ ಅವಳು ಇನ್ನೂ ಸರಿಯಾಗಿ, ಗೋಡೆಗೆ ಮುಖಮಾಡಿ, ಕಾಲು ಮಡಚಿ ಕೂತಳು.

"ನೀವು ಅದನ್ನ ಎಷ್ಟು ಹೊತ್ತು ನೋಡಿದ್ರಿ, ಅಳಿಸುವಾಗ?"

"ಎರಡು ಭಾನುವಾರ."

"ನಾನು ಯಾವತ್ತೂ ಅಷ್ಟು ಹೊತ್ತು ನೋಡಿಲ್ಲ. ಹಿಂದೆ ಜನ ಬರ್ತಾನೇ ಇರ್ತಾರೆ, ಸರೀರಿ ಸರೀರಿ ಅಂತಾರೆ. ನನಗಿಂತ ನಿಮಗೇ ಅದು ಚೆನ್ನಾಗಿ ಗೊತ್ತು. ಹೇಳಿ, ಹೇಗಿತ್ತು?"

ಉಜ್ಜಕ್ಕ ಕಣ್ಣು ಮುಚ್ಚಿದಳು. ಹೆಸರುಗಳನ್ನು ಓದುತ್ತಿರಲಿಲ್ಲ ಅಷ್ಟೇ. ಗೆರೆಗಳನ್ನು ಅವಳ ಕಣ್ಣು ಬಿಟ್ಟಿರಲಿಲ್ಲ. ಮೊದಲ ಅಕ್ಷರದ ಬಾಲ ಉದ್ದಕ್ಕೆ ಎಳೆದಿತ್ತು ಅಂದಳು, ಓಡುವ ನಾಯಿಯ ಬಾಲದ ಹಾಗೆ. ಬ್ಬಿ ಹತ್ತಿರ ಬಣ್ಣ ಜಾಸ್ತಿಯಾಗಿ ಒಂದು ಹನಿ ಕೆಳಗಿಳಿದು ಅಲ್ಲೇ ಒಣಗಿತ್ತು. ಆಮೇಲೆ ಬಣ್ಣ ಕಡಿಮೆಯಾಗುತ್ತ ಹೋಗಿ, ಮತ್ತೆ ಅದ್ದಿಕೊಂಡು ಬರೆದಿದ್ದಳು. ಕೊನೆಯ ಅಕ್ಷರಕ್ಕೆ ಗೋಡೆ ಸಾಲದೆ ಇಕ್ಕಟ್ಟಾಗಿ ಕೂರಿಸಿದ್ದಳು. ಲಾಂಡ್ರಿಯಮ್ಮ ಹೂಂ, ಹೂಂ ಎನ್ನುತ್ತ, ಕೈ ತಾಗಿಸದೆ, ಗಾಳಿಯಲ್ಲಿ ಬೆರಳಾಡಿಸುತ್ತಿದ್ದಳು.

"ಅಕ್ಷರಗಳ ಮೇಲೆ ತಿಕ್ಕಿದ ಹಾಗಿತ್ತು" ಅಂದಳು ಉಜ್ಜಕ್ಕ. "ಹಸಿ ಇದ್ದಾಗ್ಲೇ ಕೈ ತಾಗಿ ಸ್ವಲ್ಪ ಕಲಸಿತ್ತು."

ಬೆರಳು ಗಾಳಿಯಲ್ಲೇ ನಿಂತಿತು. "ಯಾವ ಕಡೆಗೆ ಕಲಸಿತ್ತು? ಎಡಕ್ಕಾ, ಬಲಕ್ಕಾ?"

"ಬಲಕ್ಕೆ."

ಲಾಂಡ್ರಿಯಮ್ಮ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ಎಂದು ಉಜ್ಜಕ್ಕನಿಗೆ ಮೊದಲು ತಿಳಿಯಲಿಲ್ಲ.

"ನಮ್ಮ ಗುಬ್ಬಿ ಎಡಚಿ ಅಕ್ಕ! ಬರೀತಾ ಬರೀತಾ ಕೈ ಬರೆದದ್ದರ ಮೇಲೇ ಹೋಗ್ತಿತ್ತು. ಅಂಗೈ ಅಂಚೆಲ್ಲ ಮಸಿ. ದಿನಾ ಶಾಲೇಲಿ ಬೈಸಿಕೊಂಡು ಬರೋಳು." ಮೂಗು ಒರೆಸಿಕೊಂಡಳು. "ನಿಮಗೊಂದು ಮಾತು ಹೇಳ್ತೀನಿ, ಯಾರಿಗೂ ಹೇಳಿಲ್ಲ. ಇದು ಅವಳದ್ದೇ ಅಂತ ನನಗೇ ಗ್ಯಾರಂಟಿ ಇರಲಿಲ್ಲ. ಗುಬ್ಬಿ ಅಂತ ಎಷ್ಟು ಮಕ್ಕಳನ್ನ ಕರೀತಾರೋ. ನಮ್ಮನೇಲಿ ಉಗುರಬಣ್ಣ ಇರಲೇ ಇಲ್ಲ, ಅವಳಿಗೆ ಎಲ್ಲಿಂದ ಬರಬೇಕು? ಪ್ರತಿ ಸಲ ಬಂದಾಗ್ಲೂ ಯಾರ ಮಗಳ ಹೆಸರಿನ ಮುಂದೆ ಕೂತು ಅಳ್ತಿದೀನೋ ಅಂತ ಅನ್ನಿಸೋದು. ಈಗ ಗೊತ್ತಾಯ್ತು. ಅವಳದ್ದೇ."

ಹೊರಗೆ ಬಂದಾಗ ಮಳೆ ನಿಂತಿತ್ತು. ಲಾಂಡ್ರಿಯಮ್ಮ ಉಜ್ಜಕ್ಕನ ಎರಡೂ ಕೈಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಬಸ್ಸು ಹತ್ತಿದಳು.

ತನ್ನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗಲೇ ಉಜ್ಜಕ್ಕನಿಗೆ ಅನುಮಾನ ಹೊಕ್ಕದ್ದು. ಕಣ್ಣು ಮುಚ್ಚಿ ಆ ಸಾಲನ್ನು ಮತ್ತೆ ತಂದುಕೊಂಡಳು. ಬಾಲ ಕಂಡಿತು, ಇಳಿದ ಹನಿ ಕಂಡಿತು. ಕಲಸಿದ ಗುರುತು ಬಲಕ್ಕೆ ಕಂಡಿತು. ಇನ್ನೊಮ್ಮೆ ನೋಡಿದಳು, ಎಡಕ್ಕೆ ಕಂಡಿತು. ತಾನು ಬಲಕ್ಕೆ ಅಂದದ್ದು ನೋಡಿದ್ದರಿಂದಲೋ, ಅಥವಾ ಆ ತಾಯಿ ಬಲಕ್ಕಾ ಎಂದು ಕೇಳುವಾಗ ಅವಳ ದನಿಯಲ್ಲಿ ಏನೋ ಇತ್ತೋ? ಇಳಿಯಬೇಕಾದ ನಿಲ್ದಾಣ ದಾಟಿಹೋಗಿತ್ತು.

ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದಳು. ಅವನು ತಮಾಷೆ ಮಾಡದೆ ಕೊನೆಯವರೆಗೂ ಕೇಳಿದ.

"ಆಯಮ್ಮನ ಮುಖ ಹೇಗಿತ್ತು?"

"ದೀಪ ಹಚ್ಚಿದ ಹಾಗಿತ್ತು."

"ಮತ್ತೇನು?"

"ಅದಕ್ಕೇ ಭಯ ಆಗ್ತಿದೆ ರೀ."

ಒಂದು ದಿನ ಅಂಗಡಿಗೆ ರಜೆ ಹೇಳಿ, ಎಲ್ಲ ಬಾಯಿಬಿಟ್ಟು ಹೇಳಿಬಿಡಬೇಕೆಂದು ಲಾಂಡ್ರಿಯವರೆಗೂ ಹೋದಳು. ಬಾಗಿಲಲ್ಲಿ ಹಬೆ ಸರಿಯುವುದನ್ನು ಕಾಯುತ್ತ ನಿಂತಳು. ಒಳಗೆ ಲಾಂಡ್ರಿಯಮ್ಮ ತನ್ನ ಜೋಡಿಗೆ ಏನೋ ಹೇಳುತ್ತಿದ್ದಳು. ಬಟ್ಟೆಯ ತುದಿಯನ್ನು ಬಲಗೈಗೆ ಬದಲಾಯಿಸಿಕೊಂಡು, ಎಡಗೈಯನ್ನು ಗಾಳಿಯಲ್ಲಿ ವಕ್ರವಾಗಿ ಆಡಿಸಿ, ಗುಬ್ಬಿ ಹೇಗೆ ಬರೆಯುತ್ತಿದ್ದಳು ಎಂದು ತೋರಿಸುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಉಜ್ಜಕ್ಕ ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಹಿಂದಿರುಗಿದಳು. ಆಮೇಲೆ ಹೋಗಲಿಲ್ಲ.

ವರ್ಷಗಳಾದವು. ಮೇಷ್ಟ್ರ ಕಣ್ಣು ಪೂರ್ತಿ ಮಸುಕಾಗಿ ಅವರು ಮನೆ ಹಿಡಿದರು. ಈಗ ಗುಂಪಿಗೆ ಉಜ್ಜಕ್ಕನೇ ದೊಡ್ಡವಳು. ಹೊಸಬರಿಗೆ ಬ್ರಷ್ ಹಿಡಿಯುವುದು, ನಿಲ್ಲಿಸುವುದು ಎರಡನ್ನೂ ಕಲಿಸುತ್ತಾಳೆ. ಗುಹೆಯ ಬಾಯಿಗೆ ಕಬ್ಬಿಣದ ಗೇಟು ಬಂದಿದೆ, ನಡೆಯುವ ದಾರಿಗೆ ಕಂಬಿ ಬಂದಿದೆ, ಆದರೂ ಯಾರೋ ಒಬ್ಬರು ಕಂಬಿ ದಾಟಿ ಬರೆದೇ ಬರೆಯುತ್ತಾರೆ. ಅಳಿಸುವ ಮುನ್ನ ಅವಳು ಪ್ರತಿಯೊಂದು ಹೆಸರನ್ನೂ ಗಟ್ಟಿಯಾಗಿ ಓದುತ್ತಾಳೆ. ಯಾವ ಗೆರೆ ದಪ್ಪ, ಯಾವುದು ಸಣ್ಣ, ಎಲ್ಲಿ ಕೈ ತಡೆದಿದೆ, ಯಾವ ಕಡೆಗೆ ಕಲಸಿದೆ ಎಂದು ಪಕ್ಕದವರಿಗೂ ತೋರಿಸಿ, ಅವರ ಬಾಯಲ್ಲೂ ಹೇಳಿಸಿ, ಆಮೇಲೆ ನೀರು ಚಿಮುಕಿಸುತ್ತಾಳೆ. ಗುಹೆಯೊಳಗೆ ಆ ಹೆಸರುಗಳು ಒಂದೆರಡು ಸಲ ಮರುದನಿಯಾಗಿ ಅಡಗುತ್ತವೆ.

ತಿರುವಿನಲ್ಲಿ ಮಾತ್ರ ಅವಳು ಕೆಲಸ ಒಪ್ಪಿಕೊಳ್ಳುವುದಿಲ್ಲ. ಅಲ್ಲಿಗೆ ಬಂದಾಗ ಆ ಗೋಡೆ ಕಣ್ಣಿಗೆ ಬೀಳದಂತೆ ತಲೆದೀಪ ಆರಿಸಿ, ಬಗ್ಗಿ, ಮುಂದಿನವರ ಬೆಳಕಿನ ಹಿಂದೆ ಸರಸರ ದಾಟಿಬಿಡುತ್ತಾಳೆ. ಅಲ್ಲಿ ಬಾವಲಿಗಳಿವೆ, ಉಜ್ಜಕ್ಕನಿಗೆ ಬಾವಲಿ ಕಂಡರೆ ಆಗದು ಎಂದು ಹೊಸಬರು ಮಾತಾಡಿಕೊಳ್ಳುತ್ತಾರೆ. ಕೇಳಿದರೆ ಅವಳೂ ಹೌದು ಅನ್ನುತ್ತಾಳೆ.